ನನ್ನ ದನಿಗೆ ಕಾಕು ಕೊಟ್ಟ ಉತ್ತರ

ಸವಿತಾ, ನಿನ್ನ ಅವ್ವ ಅಂದು ಫೋನಿನಲ್ಲಿ "ಇಲ್ಲ" ಅಂದದ್ದು ಕಂಪನಿಗಲ್ಲ. ನನಗೆ. ಅದನ್ನು ನಾನು ಕೇಳಿಸಿಕೊಂಡೆ — ಒಂದು ಸಲವಲ್ಲ, ಮತ್ತೆ ಮತ್ತೆ — ಕೇಳಿ ನಕ್ಕೆ, ಜೊತೆಗೆ ಕೆಲಸ ಮಾಡುವವರಿಗೂ ಕೇಳಿಸಿ ನಗಿಸಿದೆ, ಆಮೇಲೆ "ಸರಿಯಾಗಿದೆ" ಎಂದು ಗುರುತು ಹಾಕಿ ಮುಂದಿನ ಕರೆಗೆ ಹೋದೆ. ಆಗಿನ್ನೂ ಕಾಕು, ನಿನ್ನ ಅವ್ವ, ಬದುಕಿದ್ದರು. ಉಳಿಸಿಕೊಳ್ಳಬಹುದಾಗಿತ್ತೋ ಏನೋ — ಆ "ಏನೋ" ಎಂಬುದರ ಹಿಂದೆ ಅಡಗಿಕೊಂಡು ಎರಡು ವರ್ಷ ಕಳೆದಿದ್ದೇನೆ.

ನಿನಗೆ ಗೊತ್ತಿರುವುದರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಗೊತ್ತಿಲ್ಲದ್ದು ಅದರೊಳಗೇ ಇದೆ. ನನ್ನ ಗಂಡನಿಗೆ ಬ್ಯಾಂಕಿನಿಂದ ನಾಸಿಕಕ್ಕೆ ವರ್ಗವಾದಾಗ ನಾನು ಭಾಲ್ಕಿಯಿಂದ ಬಂದ ಹೊಸ ಸೊಸೆ. ಫಾರ್ಮಸಿ ಓದಿದ್ದೆ, ಮರಾಠಿ ನೀರು ಕುಡಿದಷ್ಟು ಸಲೀಸು, ಆದರೂ ಅಲ್ಲಿನ ಇಂದಿರಾನಗರದ ಆ ಕಟ್ಟಡದಲ್ಲಿ ಬಾಯಿ ಕಟ್ಟಿದ ಹಾಗಾಗಿತ್ತು. ಒಂದು ದಿನ ಕೆಳಗಿನ ಮನೆಯಿಂದ "ಏ ಸವೀ, ಹಂಚ ಕಾಯ್ಲಿಕತ್ತದ, ಹಿಟ್ಟಿನ ಡಬ್ಬಿ ಎಲ್ಲಿ ಇಟ್ಟೀ?" ಎಂಬ ಕೂಗು ಕೇಳಿತು ನೋಡು — ಚಪ್ಪಲಿ ಹಾಕಿಕೊಳ್ಳದೆ ಮೆಟ್ಟಿಲಿಳಿದು ಓಡಿದೆ. ಆಳಂದದ ಕಡೆಯವರು, ತೊಗರಿ ವ್ಯಾಪಾರಕ್ಕೆಂದು ಬಂದು ನಾಸಿಕದಲ್ಲೇ ನೆಲೆ ನಿಂತವರು. ಎರಡು ಜಡೆಯ ನೀನು ಅವ್ವನ ಕನ್ನಡಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದೆ. ಶರಣಮ್ಮ ಅನ್ನುವ ಹೆಸರು ನನ್ನ ಬಾಯಲ್ಲಿ ಅವತ್ತೇ ಕಾಕು ಆಯಿತು, ಮರಾಠಿಯವರು ಚಿಕ್ಕಮ್ಮನನ್ನು ಕರೆಯುವ ಹಾಗೆ. ನನ್ನ ಬಾಣಂತನ ಮಾಡಿದ್ದು ಅವರು. ನನ್ನ ತಾಯಿಗೆ ಮೈ ಸರಿಯಿಲ್ಲದೆ ಬರಲಾಗಲಿಲ್ಲ, "ನಾ ಇದ್ದೀನಲ್ಲ, ಸುಮ್ನ ಮಲ್ಕೋ" ಅಂದರು, ಅಷ್ಟೇ. ಕೂಸಿಗೆ ಎಣ್ಣೆ ತಿಕ್ಕುವಾಗ ಅವರು ಹಾಡುತ್ತಿದ್ದ ರಾಗಕ್ಕೆ ನಾನೂ ನಿದ್ದೆ ಹೋಗುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಗಂಡನಿಗೆ ಸಂಭಾಜಿನಗರಕ್ಕೆ ವರ್ಗವಾಯಿತು. ಅಲ್ಲಿನ ಚಿಕಲಠಾಣಾದ ಒಂದು ಔಷಧಿ ಕಂಪನಿಯಲ್ಲಿ ನನಗೂ ಕೆಲಸ ಸಿಕ್ಕಿತು. ಗುಳಿಗೆ ಮಾಡುವ ಕಡೆಯಲ್ಲ, ಗುಳಿಗೆ ನುಂಗಿದವರಿಗೆ ಏನಾಯಿತೆಂದು ವಿಚಾರಿಸುವ ಕಡೆ. ಹೊಸ ಔಷಧಿ ಅಂಗಡಿಗೆ ಬಂದ ಮೇಲೆಯೇ ಅದರ ನಿಜವಾದ ಪರೀಕ್ಷೆ — ಯಾರಿಗೆ ತುರಿಕೆ, ಯಾರಿಗೆ ವಾಂತಿ, ಯಾರ ಲಿವರ್ ಕೆಟ್ಟಿತು, ಎಲ್ಲ ಒಂದೆಡೆ ಸೇರಿದರೆ ತಾನೇ ಅಪಾಯ ಕಾಣುವುದು. ಬೀದರ್, ಕಲಬುರಗಿ ಕಡೆಯ ರೋಗಿಗಳಿಗೆ ಫೋನು ಮಾಡಿ ಕೇಳುವುದು ನನ್ನ ಪಾಲಿಗೆ ಬಂತು.

ಆ ಕೆಲಸದಲ್ಲಿ ನಾನು ಹುಲಿ. ಜಂಬವಲ್ಲ — ಜಂಬವೇ, ಈಗ ಮುಚ್ಚಿಟ್ಟು ಏನು ಮಾಡಲಿ. ನಮ್ಮ ಜನ ಹೇಗೆಂದು ನಿನಗೂ ಗೊತ್ತು. ಹ್ಯಾಂಗದೀರಿ ಅಂದರೆ ಆರಾಮ ಅದೀವ್ರಿ ಅನ್ನುತ್ತಾರೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದವರೂ ಹಾಗೇ ಅನ್ನುತ್ತಾರೆ. ಕೇಳಿದ ಕೂಡಲೇ ಗೋಳು ಹೇಳಿಕೊಳ್ಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅತ್ತಿತ್ತ ಮಾತಾಡಿ, ಊಟ ಆಯಿತೇ ಎಂದು ಕೇಳಿ, ಮಳೆ ಬೆಳೆ ಮುಗಿಸಿ, ಮತ್ತೆ "ಖರೇನೇ ಆರಾಮ ಅದೀರಿಲ್ಲೋ?" ಅಂದರೆ — ಆಗ ಒಂದು ಉಸಿರು ಬಿಡುತ್ತಾರೆ. ಆ ಉಸಿರು ಕೇಳಿದ ಮೇಲೆ ನಾನು ಪೆನ್ನು ಹಿಡಿಯುತ್ತಿದ್ದೆ. ಮರಾಠಿ ವಿಭಾಗದವರಿಗೆ ಒಂದೂ ಸಿಗದ ದಿನ ನನಗೆ ಗಂಭೀರವಾದ ದೂರುಗಳು ಸಿಗುತ್ತಿದ್ದವು. ಅದೇನು ಮಾಟ ಮಾಡುತ್ತೀರಿ ಎಂದು ಅವರು ಕೇಳಿದರೆ ನಗುತ್ತಿದ್ದೆನೇ ಹೊರತು ಹೇಳಿಕೊಡುತ್ತಿರಲಿಲ್ಲ.

ಹೀಗಿರುವಾಗ ಯಂತ್ರ ಬಂತು. ಕೃತಕ ಬುದ್ಧಿಮತ್ತೆ ಎಂದು ಎಲ್ಲರೂ ಅನ್ನುವ ಅದೇ. ಅದನ್ನು ಬಯ್ಯಲು ನಾನು ಕೂತಿಲ್ಲ. ನಾವು ವಾರಗಟ್ಟಲೆ ಓದುತ್ತಿದ್ದ ವೈದ್ಯರ ಪತ್ರಗಳನ್ನು ಅದು ಟೀ ಕುಡಿಯುವಷ್ಟರಲ್ಲಿ ಓದಿ, ನಮ್ಮ ಕಣ್ಣು ತಪ್ಪಿದ್ದನ್ನೂ ಹೆಕ್ಕಿ ಕೊಡುತ್ತಿತ್ತು. ರೋಗಿಗಳಿಗೆ ಫೋನನ್ನೂ ಅದೇ ಮಾಡಲಿ, ಉತ್ತರ ಕೇಳಿ ತೊಂದರೆ ಇದೆಯೋ ಇಲ್ಲವೋ ಅದೇ ವಿಂಗಡಿಸಲಿ ಎಂದಾಯಿತು. ಕನ್ನಡಕ್ಕೆ ಒಂದು ದನಿ ಬೇಕಾಗಿತ್ತು. ನನ್ನ ದನಿಯನ್ನು ಆರಿಸಿದರು. ಗಾಜಿನ ಕೋಣೆಯಲ್ಲಿ ಕೂತು ಪುಟಗಟ್ಟಲೆ ಓದಿದೆ, ಅದನ್ನೆಲ್ಲ ನುಂಗಿಕೊಂಡು ಯಂತ್ರ ನನ್ನ ಹಾಗೆಯೇ ಮಾತಾಡಲು ಕಲಿಯಿತು. ನನ್ನ ಮಗನಿಗೆ ಕೇಳಿಸಿದೆ, ಭಾಲ್ಕಿಗೆ ಕಳಿಸಿದೆ, ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಅದನ್ನೂ ಬಡಿಸಿದೆ.

ಪ್ರಶ್ನೆಗಳನ್ನು ಬರೆದದ್ದೂ ನಾನೇ. ಮೊದಲು ಬರೆದದ್ದರಲ್ಲಿ ಎಲ್ಲ ಇತ್ತು — ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ, ಕೊನೆಗೆ ಮತ್ತೊಮ್ಮೆ, ನಿಜವಾಗಿಯೂ ಆರಾಮವೇ? ನಮ್ಮ ಮೇಲಧಿಕಾರಿ ಜೋಶಿ ಸರ್ ಅದನ್ನು ನೋಡಿ, ಉಳಿದ ಭಾಷೆಗಳಲ್ಲಿ ಇಷ್ಟುದ್ದ ಇಲ್ಲ, ಜನ ಅರ್ಧಕ್ಕೇ ಫೋನು ಇಡುತ್ತಾರೆ, ಎರಡೇ ಪ್ರಶ್ನೆಗೆ ಇಳಿಸಬಹುದೇ ಅಂದರು. ಅವರು ಒತ್ತಾಯ ಮಾಡಲಿಲ್ಲ ಸವಿತಾ. ಇದನ್ನು ನೀನು ಸರಿಯಾಗಿ ಕೇಳಿಸಿಕೊಳ್ಳಬೇಕು. ಅವರು ಮರಾಠಿಯಲ್ಲಿ ನೇರವಾಗಿ ಕೇಳಿದರು — ತೆಗೆದರೆ ಏನಾದರೂ ತಪ್ಪಿಹೋಗುತ್ತದೆಯೇ, ನಿಮ್ಮ ಜನರನ್ನು ನೀವು ಬಲ್ಲಿರಿ. ಕನ್ನಡ ವಿಭಾಗಕ್ಕೆ ಮುಖ್ಯಸ್ಥರನ್ನು ನೇಮಿಸುವ ಮಾತು ಆಗ ನಡೆದಿತ್ತು. ಇಷ್ಟಕ್ಕೇ ತಕರಾರು ತೆಗೆದರೆ — ಎಂದುಕೊಂಡೆ. "ನಾಹೀ ಸರ್" ಅಂದೆ. ಏನೂ ತಪ್ಪುವುದಿಲ್ಲ ಅಂದೆ. ಆ ಕೋಣೆಯಲ್ಲಿ ಅದು ಸುಳ್ಳೆಂದು ಗೊತ್ತಿದ್ದವಳು ನಾನೊಬ್ಬಳೇ.

ನಿನ್ನ ಮದುವೆಯಾಗಿ ನಿನ್ನ ಜೊತೆಗೇ ಇದ್ದ ಕಾಕುಗೆ ಕೀಲುನೋವು ಹೆಚ್ಚಾಗಿ ಡಾಕ್ಟರು ಹೊಸ ಗುಳಿಗೆ ಬರೆದುಕೊಟ್ಟದ್ದು ಅದೇ ಕಾಲಕ್ಕೆ. "ನಿಮ್ಮ ಕಂಪನೀದೇ ಗುಳಿಗಿ ಅಂತ ಜಗದೇವಿ," ಎಂದು ಫೋನಿನಲ್ಲಿ ಎಷ್ಟು ಸಂಭ್ರಮಪಟ್ಟಿದ್ದರು! "ನೀ ಇದ್ದ ಕಡೀದು ಅಂದ್ರ ಛಲೋನೇ ಇರ್ತದ ಬಿಡು." ವಿಚಾರಿಸುವ ಕರೆ ಯಾವ ಭಾಷೆಯಲ್ಲಿ ಬೇಕೆಂದು ಕೇಳಿದಾಗ ನಾಸಿಕದಲ್ಲಿ ಕೂತು ಕನ್ನಡ ಎಂದು ಹೇಳಿದವರು ಅವರೊಬ್ಬರೇ ಇರಬೇಕು.

ಯಂತ್ರ ಮುಗಿಸಿದ ಕರೆಗಳಲ್ಲಿ ಕೆಲವನ್ನು ಮನುಷ್ಯರು ಕೇಳಿ, ವಿಂಗಡಣೆ ಸರಿಯೋ ತಪ್ಪೋ ಹೇಳಬೇಕೆಂಬ ನಿಯಮವಿತ್ತು. ಕನ್ನಡದ ಕರೆಗಳಿಗೆ ನಾನೇ ಆ ಮನುಷ್ಯಳು. ರೋಗಿಯ ಹೆಸರು ನಮಗೆ ಕಾಣುವುದಿಲ್ಲ. ಆದರೆ ದನಿಗೆ ಹೆಸರು ಯಾಕೆ ಬೇಕು? ಊಟದ ಹೊತ್ತಿಗೆ ಮುಂಚೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಯಂತ್ರ ನನ್ನ ದನಿಯಲ್ಲಿ ಕೇಳಿತು — ನಮಸ್ಕಾರ, ನಿಮ್ಮ ಆರೋಗ್ಯ ಹೇಗಿದೆ?

"ಆರಾಮ ಅದೀನಿ. ಯಾರು... ಜಗದೇವಿ ಏನು? ಎಷ್ಟು ದಿನಾ ಆತವ್ವಾ ಫೋನ್ ಮಾಡಿ!"

ಯಂತ್ರ ತನ್ನ ಎರಡನೆಯ ಪ್ರಶ್ನೆ ಕೇಳಿತು. ಗುಳಿಗೆಯಿಂದ ಏನಾದರೂ ತೊಂದರೆಯಾಗಿದೆಯೇ?

"ತೊಂದರಿ ಏನ್ ಬರ್ತದ ನನಗ. ಒಂದೀಟು ಊಟ ಸೇರವಲ್ದು, ಮೈ ಕಡೀಲಿಕತ್ತದ... ನೀ ಮನಸಿಗಿ ಹಚ್ಕೋಬ್ಯಾಡ. ಕೂಸು ಹ್ಯಾಂಗದ? ನಿನ್ನ ದನಿ ಯಾಕ ಹಿಂಗ ಗಟ್ಟಿ ಆಗ್ಯಾದ, ಸಿಟ್ಟಾಗೀಯೇನು?"

ಕ್ಷಮಿಸಿ, ದಯವಿಟ್ಟು ಹೌದು ಅಥವಾ ಇಲ್ಲ ಎಂದು ಹೇಳಿ — ಅಂದೆ ನಾನು. ಅಂದರೆ ಅದು. ಅಂದರೆ ನಾನೇ.

ಹಿಂದೆ ಕುಕ್ಕರ್ ಕೂಗಿದ್ದು ಕೇಳಿಸಿತು. ಆಮೇಲೆ ಕಾಕು ದನಿ ತಗ್ಗಿಸಿ, ಕಚೇರಿಯಲ್ಲಿ ನನ್ನ ಹಿಂದೆ ಯಾರೋ ನಿಂತಿದ್ದಾರೆ ಎಂಬಂತೆ ಮೆಲ್ಲಗೆ ಹೇಳಿದರು —

"ತಿಳೀತು ಬಿಡವ್ವಾ. ಕೆಲಸದಾಗ ಇದ್ದೀ. ಇಲ್ಲ ಅಂತ ಬರಕೋ. ನನ್ನ ಸಲುವಾಗಿ ನಿನ್ನ ಕೆಲಸ ಕೆಡೋದು ಬ್ಯಾಡ. ಇಲ್ಲ. ಇಲ್ಲ ಅಂತ ಬರಕೋ."

ಧನ್ಯವಾದಗಳು ಎಂದು ಯಂತ್ರ ಕರೆ ಮುಗಿಸಿತು. ತೊಂದರೆ ಇಲ್ಲ ಎಂದು ವಿಂಗಡಿಸಿತು. ಅದರ ತಪ್ಪೇನು? ಇಲ್ಲ ಅಂದದ್ದನ್ನು ಇಲ್ಲ ಎಂದು ಬರೆದುಕೊಂಡಿತು. ಆದರೆ ನನಗೆ — ಊಟ ಸೇರದಿರುವುದು, ಮೈ ಕಡಿತ, ಇವೆರಡೂ ಒಟ್ಟಿಗೆ ಬಂದರೆ ಲಿವರ್ ಕಡೆ ನೋಡಬೇಕೆಂದು ನನಗೆ ಗೊತ್ತಿತ್ತು. ಈ ಗುಳಿಗೆಯ ವಿಷಯದಲ್ಲಂತೂ ಅದನ್ನೇ ಗಮನಿಸಿ ಎಂದು ನಮಗೆ ಹೇಳಿಕೊಟ್ಟಿದ್ದರು. ಎಷ್ಟೇ ಚಿಕ್ಕ ದೂರು ಬಂದರೂ "ತಪ್ಪು ವಿಂಗಡಣೆ" ಎಂದು ಗುರುತು ಹಾಕಬೇಕು, ಆಮೇಲೆ ಮನುಷ್ಯರೇ ಕರೆ ಮಾಡಬೇಕು, ಡಾಕ್ಟರಿಗೆ ತಿಳಿಸಬೇಕು. ಅಷ್ಟೇ ಕೆಲಸ. ಒಂದು ಗುರುತು.

ಮತ್ತೆ ನಾನು ಮಾಡಿದ್ದೇನು? ನಕ್ಕೆ. ಯಂತ್ರದ ಜೊತೆ ಸುಖದುಃಖ ಮಾತಾಡಿದ ಕಾಕುವನ್ನು ಕಂಡು ಪ್ರೀತಿಯಿಂದಲೇ ನಕ್ಕೆ ಎಂದು ಬರೆಯಬೇಕೆನಿಸುತ್ತದೆ, ಬರೆಯಲಾರೆ. ನನ್ನ ದನಿ ಇಷ್ಟು ಚೆನ್ನಾಗಿ ಮೋಸ ಮಾಡುತ್ತದಲ್ಲ ಎಂಬ ಹೆಮ್ಮೆಯಿಂದ ನಕ್ಕೆ. ಊಟದ ನಂತರ ಮರಾಠಿ ವಿಭಾಗದವರನ್ನು ಕರೆದು ಕೇಳಿಸಿದೆ, ಅರ್ಥ ಹೇಳಿದೆ. ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ಅಜ್ಜಿ ನಿಮಗೆ ಪರಿಚಯವೇ ಎಂದು ಒಬ್ಬಳು ಕೇಳಿದಳು. ಇಲ್ಲ, ನಮ್ಮೂರ ಕಡೆಯ ಯಾರೋ ಮುದುಕಿ, ದನಿ ಕೇಳಿ ಗೊಂದಲವಾಗಿದೆ ಅಂದೆ. ನನ್ನ ಬಾಣಂತನ ಮಾಡಿದವರನ್ನು ಯಾರೋ ಮುದುಕಿ ಅಂದೆ ಸವಿತಾ. ಹೆಸರೂ ಊರೂ ಬಂದುಬಿಟ್ಟರೆ ಪ್ರಶ್ನೆಗಳು ಏಳುತ್ತವೆ, ಯಂತ್ರದ ಪರೀಕ್ಷೆ ಮುಗಿಯುವ ವಾರ ಅದು, ತಪ್ಪು ಗುರುತು ಬಿದ್ದರೆ ಬಿಟ್ಟ ಪ್ರಶ್ನೆಗಳ ಮಾತು ಬರುತ್ತದೆ... ಹಾಗೆ ಲೆಕ್ಕ ಹಾಕಿದೆನೋ, ಸುಮ್ಮನೆ ಕೈ ಓಡಿತೋ. ಎರಡೂ ನಿಜ. "ಸರಿಯಾಗಿದೆ" ಎಂದು ಒತ್ತಿದೆ.

ಸಂಜೆ ನಾನೇ ಮಾತಾಡಿದರಾಯಿತು ಎಂದುಕೊಂಡೆ. ಮನೆಗೆ ಹೋದ ಮೇಲೆ, ಕಾಕುಗೆ ಫೋನು ಮಾಡಿದರೆ ಬೇಗ ಬಿಡುವುದಿಲ್ಲ, ಭಾನುವಾರ ಮಾಡೋಣ ಎಂದುಕೊಂಡೆ. ಭಾನುವಾರ ಯಾರೋ ಬಂದರು. ಮುಂದಿನ ವಾರ ಮುಖ್ಯಸ್ಥೆ ಆದೆ, ಪೇಢೆ ಹಂಚಿದೆ. ಕಾಕುಗೂ ಈ ಸುದ್ದಿ ಹೇಳಬೇಕು, ಖುಷಿಪಡುತ್ತಾರೆ ಎಂದುಕೊಂಡದ್ದು ನೆನಪಿದೆ. ಮಾಡಲಿಲ್ಲ.

ನಿನ್ನ ಫೋನು ಬಂದಾಗ ಕಾಕು ಕಾಮಾಲೆ ಏರಿ ಆಸ್ಪತ್ರೆಯಲ್ಲಿದ್ದರು. ಮರುದಿನ ನಾನು ಬಸ್ಸಿನಲ್ಲಿ ವೈಜಾಪುರ ದಾಟುವಷ್ಟರಲ್ಲಿ ನಿನ್ನ ಗಂಡ ಫೋನು ಮಾಡಿ, ನಿಧಾನವಾಗಿ ಬನ್ನಿ ಅಂದ. ನಿಧಾನವಾಗಿ ಅಂದಮೇಲೆ ಗೊತ್ತಾಯಿತು.

ಮನೆಯಲ್ಲಿ ಅವರನ್ನು ಗೋಡೆಗೆ ಆನಿಸಿ ಕೂಡಿಸಿದ್ದರು, ಹಣೆಯ ತುಂಬ ವಿಭೂತಿ. ಗಂಡ ಸತ್ತ ಮೇಲೆ ಆ ಕೆನ್ನೆಗೆ ಅರಿಶಿನ ಸೋಕಿಸಿಕೊಂಡವರಲ್ಲ ನಿನ್ನ ಅವ್ವ. ಅವತ್ತು ಮುಖವೆಲ್ಲ ಅರಿಶಿನ ಮೆತ್ತಿದ ಹಾಗಿತ್ತು. ನಾನು ಕಾಲು ಮುಟ್ಟಲು ಬಗ್ಗಿದವಳು ಅಲ್ಲೇ ಕುಸಿದೆ. ಎಲ್ಲರೂ ನನ್ನನ್ನೇ ಸಮಾಧಾನ ಮಾಡಿದರು. ಮಗಳಿಗಿಂತ ಹೆಚ್ಚು ಅಂದರು. ನನಗೆ ನೀರು ತಂದುಕೊಟ್ಟವಳು ನೀನು.

ಮಣ್ಣು ಮಾಡಿ ಮನೆಗೆ ಬಂದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೀನು ಹೇಳಿದ್ದು ಒಂದೊಂದು ಅಕ್ಷರವೂ ನೆನಪಿದೆ. "ಆಂಟಿ, ಅವ್ವ ಗೋಳಿ ನಕೋ, ಗುಳಿಗಿ ಬ್ಯಾಡ ಅಂದಿದ್ಲು. ಹೊಟ್ಟಿ ತೊಳಸ್ತದ ಅಂದ್ಲು. ನಾನೇ ಜಬರದಸ್ತಿ ಮಾಡ್ದೆ. ಕಂಪನಿಯವ್ರು ಸ್ವತಃ ಫೋನ್ ಮಾಡಿ ಕೇಳ್ಯಾರ, ಏನಾದ್ರೂ ಇದ್ರ ಅವ್ರೇ ಬಂದ್ ಮಾಡಸ್ತಿದ್ರು, ನಾಟಕ ಮಾಡಬ್ಯಾಡ ಅಂದೆ. ನಾನೇ ನೀರು ಕೊಟ್ಟು ನುಂಗಸ್ತಿದ್ದೆ. ಮಾಝೀಚ ಚೂಕ ಆಹೇ ಆಂಟಿ, ನಂದೇ ತಪ್ಪು."

ನಾನು ಆಗ ಬಾಯಿ ಬಿಡಬೇಕಾಗಿತ್ತು. ನಿನ್ನ ತಲೆ ನನ್ನ ಹೆಗಲ ಮೇಲಿತ್ತು. "ಹಣೆಬರಹ ಸವಿ, ಯಾರ ತಪ್ಪೂ ಅಲ್ಲ" ಅಂದೆ. ಯಾರ ತಪ್ಪೂ ಅಲ್ಲ! ಕಾಕು ನಿನಗೆ ಇನ್ನೊಂದು ಮಾತು ಹೇಳಿದ್ದರಂತೆ, ಅದನ್ನೂ ನೀನು ಅವತ್ತೇ ಹೇಳಿದೆ. ಜಗದೇವಿ ಫೋನು ಮಾಡಿದ್ದಳು, ಯಾಕೋ ಪರರ ಹಾಗೆ ಮಾತಾಡಿದಳು, ಕೆಲಸದ ಒತ್ತಡ ಇರಬೇಕು ಪಾಪ — ಎಂದು. ಹೌದೇನು ಆಂಟಿ, ನೀವು ಮಾಡಿದ್ದಿರೇ ಎಂದು ನೀನು ಕೇಳಿದೆ. ಜ್ವರದಲ್ಲಿ ಏನೋ ಅಂದಿರಬೇಕು, ನಾನು ಮಾಡಿರಲಿಲ್ಲ ಅಂದೆ. ಅಕ್ಷರಶಃ ಸತ್ಯ ಅದು. ಅದಕ್ಕಿಂತ ಹೊಲಸು ಸುಳ್ಳನ್ನು ನಾನು ಜೀವಮಾನದಲ್ಲಿ ಆಡಿಲ್ಲ.

ಔಷಧಿ ಕಂಪನಿಯಲ್ಲಿ ಕೆಲಸ ಮಾಡುವವರು ಇಂಥ ಸಾವಿನ ಸುದ್ದಿ ಕೇಳಿದರೆ, ಮದುವೆ ಮನೆಯಲ್ಲಿ ಕೇಳಲಿ, ಬಸ್ಸಿನಲ್ಲಿ ಕೇಳಲಿ, ತಕ್ಷಣ ಕಚೇರಿಗೆ ತಿಳಿಸಲೇಬೇಕು. ನಾನೇ ಹೊಸಬರಿಗೆ ಆ ಪಾಠ ಮಾಡುತ್ತೇನೆ. ನಾನು ತಿಳಿಸಲಿಲ್ಲ. ತಿಳಿಸಿದರೆ ಹಳೆಯ ಕರೆ ತೆಗೆದು ಕೇಳುತ್ತಾರೆ, ಕೇಳಿದರೆ ನಾನು ಒತ್ತಿದ "ಸರಿಯಾಗಿದೆ" ಸಿಗುತ್ತದೆ. ಗುಳಿಗೆಯಿಂದಲೇ ಹೀಗಾಯಿತೆಂದು ಪ್ರಮಾಣ ಮಾಡಿ ಹೇಳಲು ನನ್ನಿಂದ ಇಂದಿಗೂ ಆಗದು, ಡಾಕ್ಟರೂ ಹೇಳಿರಲಿಲ್ಲ. ಆದರೆ ಆ ಪ್ರಶ್ನೆಯನ್ನು ಕೇಳಲೂ ಬಿಡದಂತೆ ಬಾಗಿಲು ಹಾಕಿದವಳು ನಾನು. ಮುಂದೆ ಬೇರೆ ಊರುಗಳಿಂದ ಅಂಥವೇ ದೂರುಗಳು ಬಂದವು, ಗುಳಿಗೆಯ ಪೊಟ್ಟಣದಲ್ಲಿ ಎಚ್ಚರಿಕೆ ಸೇರಿಸಿದರು. ಅಲ್ಲಿಯವರೆಗೆ ಅದನ್ನು ನುಂಗಿದವರಲ್ಲಿ — ಬೇಡ, ಅದನ್ನು ಯೋಚಿಸಲು ಹೋದರೆ ಈ ಬರಹ ಮುಂದೆ ಸಾಗುವುದಿಲ್ಲ.

ಎರಡು ವರ್ಷ ನಾನು ಚೆನ್ನಾಗಿಯೇ ಇದ್ದೆ. ಇದನ್ನೂ ಹೇಳಬೇಕು. ಪಶ್ಚಾತ್ತಾಪದಲ್ಲಿ ಸೊರಗಿದೆ ಎಂದರೆ ನೀನು ನಂಬಬೇಡ. ಹಬ್ಬ ಮಾಡಿದೆ, ಸೀರೆ ಕೊಂಡೆ, ನೀನು ಫೋನು ಮಾಡಿದಾಗ ಹಿರಿಯಳಂತೆ ಬುದ್ಧಿ ಹೇಳಿದೆ.

ಹೋದ ವಾರ ನಿನ್ನ ಮನೆಗೆ ಬಂದಿದ್ದೆನಲ್ಲ. ನಿನ್ನ ಮಗಳಿಗೆ ಜ್ವರವಿತ್ತು. ಸಿರಪ್ ಬಾಟಲಿ ಕಟ್ಟೆಯ ಮೇಲಿತ್ತು, ಕೂಸು ಅಳುತ್ತಿತ್ತು, ನೀನು ಗಂಡ ಬರಲೆಂದು ಕಿಟಕಿಯಲ್ಲಿ ನೋಡುತ್ತ ನಿಂತಿದ್ದೆ. ನೀನೇ ಕೊಡಬಾರದೇ ಅಂದೆ. ನೀನು ನಕ್ಕು ಕೈ ಹಿಂದೆ ಕಟ್ಟಿಕೊಂಡೆ. "ನಾನು ಯಾರಿಗೂ ಔಷಧಿ ಕೊಡಲ್ಲ ಆಂಟಿ. ನನ್ನ ಕೈ ಬರೋಬರ್ ಇಲ್ಲ. ಅವ್ವಂಗ ಕೊಟ್ಟ ಕೈ ಇದು." ಎಷ್ಟು ಸಹಜವಾಗಿ ಅಂದೆ, ಉಪ್ಪು ಕಡಿಮೆಯಾಗಿದೆ ಅನ್ನುವ ಹಾಗೆ. ನಾನು ಬಾಟಲಿ ತೆಗೆದುಕೊಂಡು ಕೂಸಿಗೆ ಕುಡಿಸಿದೆ. ನಿನ್ನೆದುರಿಗೆ, ನನ್ನ ಕೈಯಿಂದ. ನಿನ್ನ ಮುಖದಲ್ಲಿ ಎಂಥ ನಿಶ್ಚಿಂತೆ ಕಂಡೆ ಗೊತ್ತೇ? ನನ್ನ ಎದೆ ಒಡೆಯಿತು ಸವಿತಾ. ಕಾಕು ಸತ್ತಾಗಲೂ ಹಾಗೆ ಒಡೆದಿರಲಿಲ್ಲ.

ಸೋಮವಾರ ಕಚೇರಿಗೆ ಹೋಗಿ ಎಲ್ಲ ಹೇಳಿದೆ. ಕಾಕುವಿನ ಸಾವನ್ನು ವರದಿ ಮಾಡಿದೆ, ನನ್ನ ಹೆಸರಿನಲ್ಲೇ. ಜೋಶಿ ಸರ್ ಹೇಳಿದ್ದು ಒಂದೇ ಮಾತು. ನಾನು ಕೇಳಿದ್ದೆನಲ್ಲ, ಏನಾದರೂ ತಪ್ಪಿಹೋಗುತ್ತದೆಯೇ ಎಂದು — ಅಷ್ಟೇ ಅಂದರು. ಕನ್ನಡದ ಕರೆಗಳನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ, ಹಳೆಯವನ್ನೆಲ್ಲ ಬೇರೆಯವರು ಮತ್ತೆ ಕೇಳುತ್ತಿದ್ದಾರೆ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಅದು ನಿನಗೆ ಹೇಳಿಕೊಳ್ಳಬೇಕಾದ ಸಂಗತಿಯೂ ಅಲ್ಲ.

ನೀನು ಕನ್ನಡ ಓದಲಾರೆ, ಕೇಳಿದರೆ ತಿಳಿಯುತ್ತದೆ. ಮರಾಠಿಯಲ್ಲಿ ಬರೆದು ಅಂಚೆಗೆ ಹಾಕಬಹುದಿತ್ತು, ಎಷ್ಟು ಸುಲಭ! ಅದಕ್ಕೇ ಹಾಗೆ ಮಾಡುತ್ತಿಲ್ಲ. ಈ ಭಾನುವಾರ ನಾಸಿಕಕ್ಕೆ ಬಂದು ನಿನ್ನೆದುರು ಕೂತು ಓದುತ್ತೇನೆ. ನಡುವೆ ಎದ್ದು ಹೋಗು ಅಂದರೆ ಬಾಗಿಲ ಹೊರಗೆ ನಿಂತು ಉಳಿದದ್ದನ್ನು ಓದುತ್ತೇನೆ. ಕ್ಷಮಿಸು ಎಂದು ಎಲ್ಲಿಯೂ ಬರೆದಿಲ್ಲ, ನೋಡು. ಕೇಳುವ ಹಕ್ಕು ನನಗಿಲ್ಲ. ಇನ್ನು ಮುಂದೆ ನನ್ನನ್ನು ಆಂಟಿ ಅನ್ನಬೇಡ, ಮನೆಗೆ ಸೇರಿಸಬೇಡ, ನಿನ್ನ ಅವ್ವನ ಫೋಟೋದ ಮುಂದೆ ನನ್ನನ್ನು ನಿಲ್ಲಗೊಡಬೇಡ.

ಆದರೆ ನೀನು ಕೊಟ್ಟದ್ದು ನೀರು, ನಂಬಿಕೆಯಿಂದ ಕೊಟ್ಟೆ. ನಿನ್ನ ಕೈಯಲ್ಲಿ ಏನೂ ದೋಷವಿಲ್ಲ. ನಾನು ನಿನ್ನ ಮನೆಯಿಂದ ಹೊರಟ ಮೇಲೆ ಕೂಸಿನ ಔಷಧಿಯ ಹೊತ್ತಾದರೆ, ಗಂಡನ ದಾರಿ ಕಾಯಬೇಡ ಸವಿ. ನೀನೇ ಕುಡಿಸು.